ಅಂಟಿಸಬೇಡಿ ಅಂತೀರಿ, ಸರಿ. ಎಲ್ಲಿ ಅಂಟಿಸಬೇಕು ಹೇಳಿ

ಬೆಳಿಗ್ಗೆಯಿಂದ ತಲೆ ಕಾದಿದೆ. ಬರೆಯದೆ ಇರೋಕಾಗ್ತಿಲ್ಲ.

ನಮ್ಮ ನಾಟಕ ತಂಡದ ಬರುವ ಶನಿವಾರದ ಶೋಗೆ ಮೊನ್ನೆ ರಾತ್ರಿ ಬೆಂಗಳೂರಿನ ಹನುಮಂತನಗರ, ಗವಿಪುರದ ಸುತ್ತ ಪೋಸ್ಟರ್ ಅಂಟಿಸಿದ್ದೆವು. ತಂಡದಲ್ಲಿ ಪ್ರಚಾರದ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ ಅಂತ ನಿಮಗೆ ಗೊತ್ತು, ಹಾಗಾಗಿ ಟಿಕೆಟ್‌ಗೆ ಅಂತ ಅದರಲ್ಲಿ ಹಾಕಿರುವುದು ನನ್ನ ನಂಬರು. ಇವತ್ತು ಫೋನ್ ಬಂತು. "ಗೋಡೆ ಹಾಳು ಮಾಡಿದ್ದೀರಾ ಮೇಡಂ. ಬಂದು ದಂಡ ಕಟ್ಟಿ, ಇಲ್ಲಾಂದ್ರೆ ಕೇಸ್ ಆಗುತ್ತೆ." ಯಾವ ಗೋಡೆ ಅಂತ ಕೇಳಿಕೊಂಡು ಅಲ್ಲಿಗೇ ಹೋದೆ. ನಮ್ಮ ಪೋಸ್ಟರನ್ನು ಅರ್ಧ ಕಿತ್ತಿದ್ದರು. ಅದೇ ಗೋಡೆಯ ಮುಂದಿನ ಕರೆಂಟ್ ಕಂಬದಿಂದ ಪಕ್ಕದ ಮರದವರೆಗೆ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್ ಹಾಗೇ ನಿಂತಿತ್ತು, ಕೆಳಗೆ ಶುಭ ಕೋರುವವರ ಫೋಟೋಗಳ ಸಾಲು. ಅದನ್ನು ಯಾರೂ ಮುಟ್ಟಿರಲಿಲ್ಲ. ಅದರಲ್ಲಿ ಯಾರ ನಂಬರೂ ಇಲ್ಲ. ನಂಬರ್ ಹಾಕಿ ನಾನು ಇಂಥವಳು ಅಂತ ಹೇಳಿಕೊಂಡವಳು ಸುಲಭವಾಗಿ ಸಿಗುತ್ತಾಳೆ, ಅವಳಿಗೆ ದಂಡ.

ದಂಡ ಕಟ್ಟುತ್ತೇನೆ, ಅದರ ಬಗ್ಗೆ ತಕರಾರಿಲ್ಲ. ಕಾನೂನು ಇದೆ. ರಾಜ್ಯದ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ ಬರೆದಿರುವುದು ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರ್ಕಾರಿ ಗೋಡೆ ಮಾತ್ರ ಅಂದುಕೊಳ್ಳಬೇಡಿ. ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಖಾಸಗಿ ಕಟ್ಟಡ, ಬೇಲಿ, ಕಂಬ, ಮರ ಎಲ್ಲವೂ ಅದರೊಳಗೆ ಬರುತ್ತದೆ. ಮನೆಯವರು ಪ್ರೀತಿಯಿಂದ "ಅಂಟಿಸಿಕೊಳ್ಳಮ್ಮ" ಅಂದರೂ ಸಾಲದು, ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಬೇಕು. ಆ ಅನುಮತಿಯನ್ನೂ ಕೇಳಲು ಹೋಗಿದ್ದೇನೆ. ಒಂದು ಕಚೇರಿಯಲ್ಲಿ ಜಾಹೀರಾತು ವಿಭಾಗದವರನ್ನು ಕೇಳಿ ಅಂದರು. ಜಾಹೀರಾತಿನವರು ಹೋರ್ಡಿಂಗ್ ಆದರೆ ಹೇಳಿ, ಇಂಥ ಸಣ್ಣ ಕಾಗದಕ್ಕೆಲ್ಲ ನಮ್ಮಲ್ಲಿ ಫಾರಂ ಇಲ್ಲ ಅಂದರು. ಅನುಮತಿ ಇಲ್ಲದೆ ಅಂಟಿಸಿದರೆ ತಪ್ಪು. ಅನುಮತಿ ಕೊಡುವವರು ಯಾರು ಅಂತ ಕೇಳಿದರೆ ಉತ್ತರವಿಲ್ಲ. ನನ್ನ ಸಿಟ್ಟೆಲ್ಲ ಇದೊಂದರ ಮೇಲೇ.

ಫ್ಲೆಕ್ಸಿಗೂ ನಿಷೇಧ ಇಲ್ಲವೇ? 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸ್, ಬ್ಯಾನರ್ ಎರಡೂ ಪಟ್ಟಿಯಲ್ಲಿದ್ದವು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಸಾವಿರಾರು ಫ್ಲೆಕ್ಸ್ ಇಳಿಸಿದರು. ಈಗ ಮತ್ತೆ ಎಲ್ಲೆಡೆ ಅವೇ. ಮೈದಾ ಅಂಟಿನ ನಮ್ಮ ಕಾಗದ ಎರಡು ಮಳೆಗೆ ಕರಗಿ ಹೋಗುತ್ತದೆ. ಹರಿದು ಬಿದ್ದ ಫ್ಲೆಕ್ಸ್ ಚರಂಡಿಯಲ್ಲಿ ವರ್ಷಗಟ್ಟಲೆ ಕೊಳೆಯದೆ ಬಿದ್ದಿರುತ್ತದೆ. ಇವೆರಡನ್ನೂ ಒಂದೇ ತಪ್ಪು ಅಂತ ಕರೆಯುವುದೇ ಅನ್ಯಾಯ. ಅದರಲ್ಲೂ ಸಣ್ಣದನ್ನು ಮಾತ್ರ ಹಿಡಿಯುವುದು ಇನ್ನೂ ದೊಡ್ಡ ಅನ್ಯಾಯ.

ಪೋಸ್ಟರ್ ಅಂಟಿಸುವುದು ಎಂಥ ಕೆಲಸ ಅಂತ ನೋಡಿದವರು ಕಡಿಮೆ. ಸಂಜೆ ಮೈದಾ ಕುದಿಸಿ, ಹುಳ ಹತ್ತದಿರಲಿ ಅಂತ ಚೂರು ಮೈಲುತುತ್ತ ಬೆರೆಸಿ ಅಂಟು ಮಾಡಿಕೊಳ್ಳಬೇಕು. ಗಂಟು ಕಟ್ಟಿದರೆ ಕಾಗದ ಉಬ್ಬುತ್ತದೆ, ನೀರಾದರೆ ಬೆಳಗಾಗುವಷ್ಟರಲ್ಲಿ ಕಳಚಿ ಬೀಳುತ್ತದೆ. ಹನ್ನೊಂದರ ಮೇಲೆ, ಅಂಗಡಿ ಬಾಗಿಲು ಹಾಕಿದ ನಂತರ ಹೊರಡಬೇಕು. ಸೈಕಲ್ ಹ್ಯಾಂಡಲ್‌ಗೆ ಬಕೆಟ್, ಕ್ಯಾರಿಯರ್ ಮೇಲೆ ಪೋಸ್ಟರ್ ಕಟ್ಟು. ಬೀದಿನಾಯಿಗಳು, ಬೀಟ್ ಪೊಲೀಸರು, ಕಾಂಪೌಂಡ್ ಒಳಗಿಂದ ಬೈಯುವ ವಾಚ್‌ಮನ್. ಬೆಳಗಿನ ಜಾವ ದನ ಬಂದು ಅಂಟಿನ ರುಚಿಗೆ ಕಾಗದ ಎಳೆದು ತಿನ್ನುತ್ತದೆ. ಉಳಿದದ್ದರ ಮೇಲೆ ಮಧ್ಯಾಹ್ನದೊಳಗೆ ಪಿಜಿಯವರದ್ದೋ ಟ್ಯೂಷನ್‌ನವರದ್ದೋ ಬಂದು ಕೂತಿರುತ್ತದೆ. ನಮಗೆ ಅಂಟಿಸಿಕೊಡುವ ಅಣ್ಣನಿಗೆ ಅರವತ್ತು ದಾಟಿದೆ. ಮೊದಲು ಗಾಂಧಿನಗರದಲ್ಲಿ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದವರು. ಇವತ್ತಿನ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ: "ನನ್ನನ್ನೂ ಕರೀತಾರಾ ಮೇಡಂ?" ಆ ಭಯ ಕೇಳಿ ನನಗೆ ಅಳು ಬಂತು. ರಾತ್ರಿಯೆಲ್ಲ ದುಡಿಯುವ ಆ ಮನುಷ್ಯ ಕಳ್ಳನಂತೆ ಹೆದರಬೇಕೆ?

"ಈಗ ಯಾರು ಪೋಸ್ಟರ್ ನೋಡ್ತಾರೆ, ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿ ಸಾಕು" ಅಂತ ಗೆಳೆಯರೇ ಹೇಳುತ್ತಾರೆ. ಹಾಕುತ್ತೇವೆ. ನೋಡುವವರು ನೀವೇ, ಮೊದಲೇ ಗೊತ್ತಿರುವವರು. ಗೊತ್ತಿಲ್ಲದವರಿಗೆ ತಲುಪಬೇಕಾದರೆ ದುಡ್ಡು ಕಟ್ಟಿ ಅನ್ನುತ್ತದೆ ಅದು. ಬಸ್ಸಿಗೆ ಕಾಯುವ ಹುಡುಗಿ, ಸಂಜೆ ವಾಕಿಂಗ್ ಬರುವ ನಿವೃತ್ತ ಮೇಷ್ಟ್ರು, ತರಕಾರಿ ಗಾಡಿಯಮ್ಮ ನಮ್ಮ ಪೇಜ್ ಹುಡುಕಿಕೊಂಡು ಬರುವುದಿಲ್ಲ. ಅವರ ಬೀದಿಯಲ್ಲೇ, ಅವರ ಕಣ್ಣಳತೆಯಲ್ಲೇ ನಾಟಕವಿದೆ ಅಂತ ಕಾಣಬೇಕು. ಹಾಗೆ ನೋಡಿ ಮೊದಲ ಸಲ ನಾಟಕಕ್ಕೆ ಬಂದವರನ್ನು ಟಿಕೆಟ್ ಮೇಜಿನಲ್ಲಿ ಕೂತ ನಾನು ಕಣ್ಣಾರೆ ಕಂಡಿದ್ದೇನೆ.

ನಗರ ಚಂದ ಇರಬೇಡವೇ ಅಂತ ಇನ್ನೊಬ್ಬರು ಕೇಳುತ್ತಾರೆ. ಇರಲಿ, ನನಗೂ ಬೇಕು. ಮರಕ್ಕೆ ಮೊಳೆ ಹೊಡೆಯುವವರನ್ನು, ದಾರಿಯ ಬೋರ್ಡ್ ಮೇಲೆ ಅಂಟಿಸುವವರನ್ನು ನಾನೂ ಬೈಯುತ್ತೇನೆ. 2009ರ ಸುಮಾರಿಗೆ ಪೋಸ್ಟರ್ ತಡೆಯಲು ಪಾಲಿಕೆಯವರು ಗೋಡೆಗಳ ಮೇಲೆ ಚಿತ್ರ ಬರೆಸಿದರು, ಫ್ಲೆಕ್ಸ್‌ನಿಂದ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬೋರ್ಡ್ ಕಲಾವಿದರಿಗೆ ಅನ್ನ ಸಿಕ್ಕಿತು. ಒಳ್ಳೆಯ ಕೆಲಸ, ಮನಸಾರೆ ಒಪ್ಪುತ್ತೇನೆ. ಅದೇ ಹೊತ್ತಿಗೆ ಪಕ್ಕದಲ್ಲಿ ಹತ್ತಡಿ ಗೋಡೆ ಬಿಟ್ಟು ಇದು ಪೋಸ್ಟರಿಗೆ ಅಂತ ಬರೆಸಿದ್ದರೆ ಏನು ಹೋಗುತ್ತಿತ್ತು?

ಬಾದಾಮಿ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು. ನಾಟಕ ಕಂಪನಿಗಳ ಪೋಸ್ಟರ್ ನೋಡುತ್ತಲೇ ಜನ ಯಾವುದಕ್ಕೆ ಹೋಗೋಣ ಅಂತ ಮಾತಾಡಿಕೊಳ್ಳುತ್ತಾರೆ. ಬರ್ಲಿನ್‌ನಲ್ಲೂ ಕಂಡಲ್ಲೆಲ್ಲ ಅಂಟಿಸುವ ಕಾಟ ಇತ್ತು. ಎರ್ನ್ಸ್ಟ್ ಲಿಟ್‌ಫಾಸ್ ಎಂಬ ಮುದ್ರಕ ಅನುಮತಿ ಪಡೆದು 1855ರಲ್ಲಿ ಬೀದಿಗಳಲ್ಲಿ ದಪ್ಪ ದುಂಡನೆಯ ಕಂಬಗಳನ್ನು ನಿಲ್ಲಿಸಿದ. ಪೋಸ್ಟರಿಗೆಂದೇ ಕಂಬ. ಜರ್ಮನಿಯ ಊರುಗಳಲ್ಲಿ ಅವು ಇವತ್ತಿಗೂ ಇವೆ.

2025ರ ಸೆಪ್ಟೆಂಬರ್‌ನಲ್ಲಿ ಒಂದೇ ಆಗಿದ್ದ ನಮ್ಮ ಬೆಂಗಳೂರು ಪಾಲಿಕೆ ಐದಾಯಿತು. ಐದೂ ಪಾಲಿಕೆಗಳನ್ನು ಕೇಳುತ್ತಿದ್ದೇನೆ: ವಾರ್ಡಿಗೊಂದು ಫಲಕ ಕೊಡಿ. ಬಸ್ ನಿಲ್ದಾಣದ ಹತ್ತಿರ, ಪಾರ್ಕಿನ ಗೇಟ್ ಪಕ್ಕ, ಲೈಬ್ರರಿ ಮುಂದೆ. ನಾಟಕ, ಸಂಗೀತ, ರಕ್ತದಾನ, ಕಳೆದುಹೋದ ನಾಯಿ, ಬಾಡಿಗೆ ಮನೆ, ಏನೇ ಇರಲಿ. ಮೇಲೆ ತಾರೀಕಿನ ಸೀಲ್ ಒತ್ತಿ, ಹದಿನೈದು ದಿನಕ್ಕೆ ತೆಗೆಯಿರಿ. ಶುಲ್ಕ ಕೇಳಿ, ಕೊಡುತ್ತೇವೆ. ಆಮೇಲೂ ಗೋಡೆಗೆ ಅಂಟಿಸಿದರೆ ಕೇಸ್ ಹಾಕಿ, ನಾನೇ ನಿಮ್ಮ ಪರ ನಿಲ್ಲುತ್ತೇನೆ.

ಅಲ್ಲಿಯವರೆಗೆ ಒಂದು ಕೋರಿಕೆ. ಬಸವನಗುಡಿ, ಹನುಮಂತನಗರ, ಶ್ರೀನಗರದ ಕಡೆ ಹೋಟೆಲ್, ದಿನಸಿ ಅಂಗಡಿ, ಕ್ಲಿನಿಕ್ ಇಟ್ಟಿರುವವರು ಅಥವಾ ಅಂಥವರ ಪರಿಚಯ ಇರುವವರು ಒಳಗಿನ ಗೋಡೆಯಲ್ಲಿ ಒಂದು ಪೋಸ್ಟರಿಗೆ ಜಾಗ ಕೊಡುವುದಾದರೆ ಕೆಳಗೆ ಬರೆಯಿರಿ. ಇವತ್ತು ಸಂಜೆಯೇ ಬಂದು ಹಾಕುತ್ತೇನೆ, ಶೋ ಮುಗಿದ ಮೇಲೆ ನಾನೇ ಬಂದು ತೆಗೆಯುತ್ತೇನೆ.