ಪೆಂಡೆಂಟ್ ತಂತಿ ಬದಲಿಸಿದರೆ ಸಾಕೆಂಬ ಸಲಹೆ: ಒಂದು ಸ್ಪಷ್ಟನೆ

ಸರಪಳಿಯಿಂದ ಭಾರ ಎತ್ತುವ ಮೂರು ಫೇಸಿನ ವಿದ್ಯುತ್ ಯಂತ್ರವಾದ ಚೈನ್ ಹಾಯ್ಸ್ಟ್‌ನಲ್ಲಿ ‘ಮೇಲೆ’ ಗುಂಡಿ ಒತ್ತಿದಾಗ ಕೊಕ್ಕೆ ಕೆಳಗಿಳಿದರೆ, ಪೆಂಡೆಂಟ್ (ಗುಂಡಿಗಳಿರುವ, ತೂಗುಬಿಟ್ಟ ನಿಯಂತ್ರಣ ಪೆಟ್ಟಿಗೆ) ಬಿಚ್ಚಿ ಅದರೊಳಗಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು ಎಂಬ ಸಲಹೆಯೊಂದು ಹರಿದಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಹಾಗೆ ಮಾಡಿದೊಡನೆ ಗುಂಡಿಯೂ ಚಲನೆಯೂ ಹೊಂದಿಕೊಂಡಂತೆ ಕಾಣುವುದರಿಂದಲೇ ಜನ ಇದನ್ನು ನಂಬಿರಬೇಕು. ಆದರೆ ದೋಷವಿರುವುದು ಗುಂಡಿಯಲ್ಲಲ್ಲ, ಮೋಟರಿಗೆ ಬರುವ ಫೇಸ್‌ಗಳ ಅನುಕ್ರಮದಲ್ಲಿ; ಅದು ತಿರುಗುಮುರುಗಾದರೆ ಮೋಟರೂ ಉಲ್ಟಾ ಸುತ್ತುತ್ತದೆ. ಕೊಕ್ಕೆ ತುದಿ ಮುಟ್ಟಿದಾಗ ಅದನ್ನು ನಿಲ್ಲಿಸಬೇಕಾದ ಮೇಲಿನ ಲಿಮಿಟ್ ಸ್ವಿಚ್ ಸಾಮಾನ್ಯವಾಗಿ ಎತ್ತುವ ಕಾಂಟ್ಯಾಕ್ಟರಿನ (ಗುಂಡಿ ಒತ್ತಿದಾಗ ಮೋಟರಿಗೆ ವಿದ್ಯುತ್ ಹಾಯಿಸುವ ಸ್ವಿಚ್) ಸರ್ಕ್ಯೂಟನ್ನು ಮಾತ್ರ ಕಡಿಯುತ್ತದೆ. ಪೆಂಡೆಂಟ್ ತಂತಿ ಬದಲಿಸಿದ ಮೇಲೆ ಕೊಕ್ಕೆಯನ್ನು ಎತ್ತುತ್ತಿರುವುದು ವಾಸ್ತವದಲ್ಲಿ ಇಳಿಸುವ ಕಾಂಟ್ಯಾಕ್ಟರ್ ಆಗಿರುವುದರಿಂದ, ಕೊಕ್ಕೆ ತುದಿ ಮುಟ್ಟಿ ಸ್ವಿಚ್ಚನ್ನು ಒತ್ತಿದರೂ ಮೋಟರ್ ನಿಲ್ಲದೆ, ಕೊಕ್ಕೆಯ ಬ್ಲಾಕ್ ಹಾಯ್ಸ್ಟ್‌ನ ಮೈಗೆ ಬಡಿದು ಸರಪಳಿ ತುಂಡಾಗುವ ಸಾಧ್ಯತೆಯಿದೆ. ಕೆಲವು ಮಾದರಿಗಳಲ್ಲಿ ಭಾರ ಮಿತಿಮೀರಿದಾಗ ಜಾರುವ ಕ್ಲಚ್ ಇರುತ್ತದೆ ನಿಜ; ಅದನ್ನು ಲಿಮಿಟ್ ಸ್ವಿಚ್ಚಿನ ಬದಲಿಯೆಂದು ಭಾವಿಸುವಂತಿಲ್ಲ.

ಮುಖ್ಯ ಸ್ವಿಚ್ ಆರಿಸಿ, ಬೀಗ ಹಾಕಿ, ತಂತಿಗಳಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿದ ಬಳಿಕ, ಅರ್ಹ ಎಲೆಕ್ಟ್ರಿಷಿಯನ್ ಒಳಬರುವ 3 ಫೇಸ್ ತಂತಿಗಳಲ್ಲಿ ಯಾವುದಾದರೂ 2ನ್ನು ಅದಲುಬದಲು ಮಾಡಬೇಕು. ಅರ್ಥಿಂಗ್ ತಂತಿಯನ್ನು ಮುಟ್ಟಬಾರದು. ಈಗಾಗಲೇ ಪೆಂಡೆಂಟ್ ತಂತಿ ಬದಲಿಸಿದ್ದರೆ ಅದನ್ನು ಮೊದಲಿನಂತೆ ಜೋಡಿಸಿ, ಆಮೇಲೆ ಈ ಕೆಲಸಕ್ಕೆ ಕೈಹಾಕಬೇಕು. ಬಳಿಕ ಭಾರವಿಲ್ಲದ ಕೊಕ್ಕೆಯನ್ನು ಸ್ವಲ್ಪಸ್ವಲ್ಪವಾಗಿ ಎತ್ತುತ್ತಾ ಲಿಮಿಟ್ ಸ್ವಿಚ್ ನಿಲ್ಲಿಸುತ್ತದೆಯೇ ಎಂದು ನೋಡಬೇಕು. ಹಾಯ್ಸ್ಟನ್ನು ಬೇರೆ ವಿದ್ಯುತ್ ಸಂಪರ್ಕಕ್ಕೆ ಜೋಡಿಸಿದಾಗಲೆಲ್ಲ ಫೇಸ್ ಅನುಕ್ರಮ ಮತ್ತೆ ತಿರುಗಿರಬಹುದಾದ್ದರಿಂದ, ಆಗಲೂ ಈ ಪರೀಕ್ಷೆ ಅಗತ್ಯ.