ಮಂಗನ ಮನೆ ಹೋದ ಕಥೆ

ನಮ್ಮನೆಯವರಿಗೆ ಅರ್ಧ ಕೆಜಿ ಎನ್ನುವ ತೂಕವೇ ಗೊತ್ತಿಲ್ಲ. ಗಾಂಧಿ ಬಜಾರಿಗೆ ಹೂವು ತರಲು ಹೋದರೂ ಎರಡು ಕೆಜಿ ಏಲಕ್ಕಿ ಬಾಳೆ ಹೊತ್ತು ಬರುತ್ತಾರೆ. ಕೇಳಿದರೆ "ಚೆನ್ನಾಗಿತ್ತು ಕಣೇ" ಅಂತಾರೆ. ನಿನ್ನೆ ರಾತ್ರಿಯವರೆಗೂ ಕಲ್ಲಿನ ಹಾಗಿತ್ತು. ಇವತ್ತು ಬೆಳಗ್ಗೆ ಅಷ್ಟೂ ಒಟ್ಟಿಗೆ ಹಣ್ಣಾಗಿ, ಚಿಪ್ಪಿನಿಂದ ಕಳಚಿ, ಅಡುಗೆಮನೆ ಕಟ್ಟೆ ತುಂಬ ಉರುಳಾಡುತ್ತಿವೆ. ತಂದವರು ಆಫೀಸಿಗೆ ಹೋದರು. ಖಾಲಿ ಮಾಡಿಸುವ ಕೆಲಸ ನನ್ನದು, ಅಲ್ವಾ?

ಮಗಳಿಗೆ ಐದು ವರ್ಷ. ಬಾಳೆಹಣ್ಣು ಕಂಡರೆ ಬಾಯಿಗೆ ಬೀಗ. ಅದಕ್ಕೇ ನಮ್ಮನೆ ಕಥೆಗಳಿಗೆಲ್ಲ ಈಗ ಬಾಳೆಹಣ್ಣು ಬಂದಿದೆ. ನರಿಯ ಮುಂದೆ ದ್ರಾಕ್ಷಿ ಬದಲು ಗೊನೆ ತೂಗುಹಾಕಿದೆ. ಎಗರಿ ಎಗರಿ ಸಾಕಾದ ನರಿ ಹುಳಿ ಅನ್ನಲಿಲ್ಲ, ಬೆಂಗಳೂರಿನ ನರಿ ನೋಡಿ. "ಥೂ, ಪಚ್ಚಬಾಳೆ, ತಿಂದ್ರೆ ಶೀತ" ಅಂತ ಮೂಗು ಮುರಿಯಿತು.

"ನಂಗೂ ಶೀತ" ಅಂದಳು ಮಗಳು.

ಮಂಗ ಮೊಸಳೆ ಕಥೆ ಹಿಡಿದೆ. ನದಿ ದಡದ ನೇರಳೆ ಮರ ತೆಗೆದು ಬಾಳೆ ನೆಟ್ಟೆ.

"ಮಂಗ ಎಲ್ಲಿ ಕೂರುತ್ತೆ? ಕೊಂಬೆನೇ ಇಲ್ಲ."

ಎಲೆ ಮೇಲೆ ಅಂದೆ.

"ಎಲೆ ಹರಿಯಲ್ವಾ?"

ಹರಿಯಿತು. ಮಂಗನನ್ನು ಗೊನೆಗೆ ಜೋತುಬೀಳಿಸಿದೆ.

"ಗೊನೆ ಮುಗಿದ ಮೇಲೆ?"

ಬಾಳೆ ಒಂದೇ ಸಲ ಗೊನೆ ಬಿಡುತ್ತದೆ, ಆಮೇಲೆ ಕಡಿಯುತ್ತಾರೆ. ಊರಿನ ತೋಟದಲ್ಲಿ ತಾತ ಇದನ್ನೆಲ್ಲ ತೋರಿಸಿಬಿಟ್ಟಿದ್ದಾರೆ.

"ಹಾಗಾದ್ರೆ ಮಂಗನ ಮನೆ ಹೋಯ್ತು!"

ಹೋಯ್ತು. ಗುಂಡಿಗೆಯನ್ನು ಮರದಲ್ಲೇ ಬಿಟ್ಟು ಬಂದೆ ಅನ್ನಲು ಮರವೇ ಇಲ್ಲ. ಮೊಸಳೆ ಹೆಂಡತಿ ಆಸೆಪಡುವ ಮೊದಲೇ ಮಂಗ ಬಾಡಿಗೆ ಮನೆ ಹುಡುಕಲು ಹೊರಟಿತು. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರಂತೆ. ಪಾಪ, ಗುಂಡಿಗೆಯನ್ನೇ ಅಡ ಇಡಬೇಕು. ಮಗಳು ಬಿದ್ದು ಬಿದ್ದು ನಕ್ಕಳು. ಹಣ್ಣು ಮಾತ್ರ ತಟ್ಟೆಯಲ್ಲೇ ಕಪ್ಪಾಯಿತು.

ನಮ್ಮಜ್ಜಿ ಯಾರಿಗೂ ಹಣ್ಣು ತಿನ್ನಿಸಲು ಕಥೆ ಹೇಳಿದವಳಲ್ಲ. ಹಿತ್ತಲಿನ ಗೊನೆ ಅಟ್ಟದಲ್ಲಿ ಹಣ್ಣಾಗುತ್ತಿತ್ತು. ನಾವು ಏಣಿ ಹತ್ತಿ ಕದಿಯುತ್ತಿದ್ದೆವು. ಗೊತ್ತಿದ್ದೂ ಅಜ್ಜಿ ಕೇಳುತ್ತಿರಲಿಲ್ಲ. ರಾತ್ರಿ ಕರೆಂಟು ಹೋದಾಗ ಕಥೆ ಹೇಳುತ್ತಿದ್ದಳು, ಸುಮ್ನೆ, ಯಾವ ವ್ಯಾಪಾರವೂ ಇಲ್ಲದೆ.

ಈಗ ಉಳಿದ ಹಣ್ಣೆಲ್ಲ ಹಿಸುಕಿ ಮಂಗಳೂರು ಬನ್ಸ್‌ಗೆ ಹಿಟ್ಟು ಕಲಸಿಟ್ಟಿದ್ದೇನೆ. ಬನ್ಸ್ ಆದರೆ ಕೇಳಿ ಕೇಳಿ ತಿನ್ನುತ್ತಾಳೆ. ಅದರೊಳಗೆ ಏನಿದೆ ಅನ್ನುವ ಕಥೆಯನ್ನು ಮಾತ್ರ ನಾನು ಹೇಳುವುದಿಲ್ಲ.