ಕೊಹಿಮಾಕ್ಕೆ ಅರ್ಧ ಗಂಟೆ ಸಾಲದು
ನಾಗಾಲ್ಯಾಂಡ್‌ನ ಕೊಹಿಮಾದಲ್ಲಿ ಎರಡನೇ ಮಹಾಯುದ್ಧದಲ್ಲಿ ಮಡಿದ ಸೈನಿಕರಿಗಾಗಿ ಇರುವ ಯುದ್ಧ ಸ್ಮಶಾನದ ಕುರಿತ ಲೇಖನ ಓದಿದೆ. ಅಲ್ಲಿನ ಹೂದೋಟವನ್ನು ಲೇಖಕರು ಮನಸಾರೆ ಹೊಗಳಿದ್ದಾರೆ, ಸಂತೋಷ. ಆದರೆ 'ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು' ಎಂಬ ಅವರ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಅಲ್ಲಿ 1,420 ಸಮಾಧಿಗಳಿವೆ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ ಹುಲ್ಲುಹಾಸು, ಪ್ರತಿ ಸಮಾಧಿಗೂ ಗಿಡ್ಡ ಕಲ್ಲಿನ ಮೇಲೆ ಕೂರಿಸಿದ ಕಂಚಿನ ಫಲಕ. ಅದರಲ್ಲಿರುವ ಹೆಸರು, ವಯಸ್ಸು ಓದಲು ಬಗ್ಗಲೇಬೇಕು. ಇಪ್ಪತ್ತು ದಾಟಿರದ ಹುಡುಗರ ವಯಸ್ಸು ಕಣ್ಣಿಗೆ ಬಿದ್ದ ಮೇಲೆ ಹೆಜ್ಜೆ ಬೇಗ ಏಳುವುದಿಲ್ಲ.

ಲೇಖನ ಒಂದೇ ಸಾಲಿನಲ್ಲಿ ದಾಟಿಹೋದ ಟೆನಿಸ್ ಅಂಗಳವೇ ನನ್ನ ಮಟ್ಟಿಗೆ ಆ ಜಾಗದ ಜೀವಾಳ. 1944ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಜಿಲ್ಲಾಧಿಕಾರಿಯ ಬಂಗಲೆಗೆ ಸೇರಿದ ಈ ಅಂಗಳದ ಒಂದು ಬದಿಯಲ್ಲಿ ಜಪಾನಿ ಪಡೆ, ಇನ್ನೊಂದು ಬದಿಯಲ್ಲಿ ಬ್ರಿಟಿಷ್ ಮತ್ತು ಭಾರತೀಯ ಪಡೆ. ನಡುವಿನ ಅಂತರ ಕೈಬಾಂಬ್ ಎಸೆಯುವಷ್ಟೇ! ಅಂಗಳದ ಗೆರೆಗಳನ್ನು ಇಂದಿಗೂ ಬಿಳಿ ಕಾಂಕ್ರೀಟಿನಲ್ಲಿ ಉಳಿಸಿಕೊಂಡಿದ್ದಾರೆ. ಪಕ್ಕದ ಚೆರ್ರಿ ಮರ ಕಾಳಗದಲ್ಲಿ ನಾಶವಾಯಿತು; ಅದರ ಬುಡದಿಂದ ಚಿಗುರಿದ್ದೇ ಈಗ ಕಾಣುವ ಮರ. ಫೋಟೋ ತೆಗೆಯುವ ಮುನ್ನ ಅದರ ಕೆಳಗಿರುವ ಫಲಕವನ್ನು ದಯವಿಟ್ಟು ಓದಿ.

ಇನ್ನೊಂದು ವಿಷಯ ಬಿಟ್ಟುಹೋಗಿದೆ, ಅದು ನನಗೆ ನಿಜಕ್ಕೂ ನೋವು ತಂದಿತು. ಸ್ಮಶಾನದ ಅತಿ ಎತ್ತರದ ಜಾಗದಲ್ಲಿ, ತಮ್ಮ ಧರ್ಮದ ವಿಧಿಯಂತೆ ದಹನಗೊಂಡ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕವಿದೆ. ಕೆಳಗಿನ ಗುಲಾಬಿ ಪಾತಿಗಳನ್ನು ನೋಡಿ ತೃಪ್ತರಾಗಿ ಹಿಂತಿರುಗುವವರಿಗೆ ಅದು ಕಾಣುವುದೇ ಇಲ್ಲ. ಹೋಗುವವರು ಮೇಲಿನವರೆಗೂ ಹತ್ತಿ, ಆ ಹೆಸರುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.